ಐದನೆಯ ಇಲಿ

ಕೆನೆಮಾ ಸೀಮೆ, ಸಿಯೆರಾ ಲಿಯೋನ್

ಆರೋಗ್ಯದ ಪಾಠ ಹೇಳುವ ಜೆನೆಬಾ ಅಮ್ಮನವರಿಗೆ ವಾಂಡಿ ಮಾಡುವ ವಂದನೆಗಳು.

ಜ್ವರ ತರುವ ಇಲಿಯ ಚಿತ್ರವನ್ನು ನೀವು ನಮ್ಮ ಗೋಡೆಗೆ ಅಂಟಿಸಿ ಹೋದಿರಿ. "ಹೊಟ್ಟೆ ಮೇಲೆ ಎರಡು ಸಾಲು ತುಂಬಾ ಮೊಲೆ ಇದ್ರೆ ತಿನ್ಬೇಡಿ" ಅಂದಿರಿ. ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ನನ್ನ ಮಗಳು ಟೆನ್ನೆ.

ಬಿತ್ತನೆಗೆಂದು ಹೊಲ ಸುಟ್ಟ ದಿನ ಬಿಲ ಅಗೆದು ಐದು ಇಲಿ ತಂದೆ. ನಾನು ಬಾಲ ಹಿಡಿದು ಎತ್ತಿದಂತೆ ಅವಳು ಹೊಟ್ಟೆ ನೋಡಿದಳು. ನಾಲ್ಕು ಸಲ "ಬಿಸಾಕಪ್ಪಾ" ಎಂದಳು.

"ಹಿಂಗೇ ಬಿಸಾಕ್ತಾ ಹೋದ್ರೆ ಅನ್ನಕ್ಕೆ ಉಪ್ಪೇ ಗತಿ ಕಣೇ" ಎಂದು ನನ್ನ ತಾಯಿ ಗೊಣಗಿದಳು.

"ಇದಕ್ಕೆ ಒಂದೂ ಇಲ್ಲಜ್ಜಿ, ಇದು ಒಳ್ಳೇದು!"

ಜಾಣೆ ಎಂದು ಐದನೆಯದನ್ನು ಅವಳಿಗೇ ಕೊಟ್ಟೆ. ಸಿಗಿದು ತೊಳೆದವಳೂ ಅವಳೇ. ಎರಡು ವಾರಕ್ಕೆ ಜ್ವರ ಬಂತು.

ಅದೂ ಅದೇ ಜಾತಿಯದಿರಬೇಕು, ಗಂಡಾದ್ದರಿಂದ ಮೊಲೆಗಳಿರಲಿಲ್ಲ ಎಂದು ನಡೆದದ್ದನ್ನೆಲ್ಲ ಕೇಳಿ ಆಸ್ಪತ್ರೆಯವರು ಹೇಳುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಬಂದಿದ್ದೆವು.

ನಿಮ್ಮನ್ನು ದೂರುತ್ತಿಲ್ಲ. ಮುಂದಿನ ಊರಿಗೆ ಹೋಗುವ ಮೊದಲು ಚಿತ್ರದಲ್ಲಿ ಗಂಡಿಲಿಯನ್ನೂ ಬರೆಸಿ. ಹೊಸದನ್ನು ನಮಗೂ ಒಂದು ಕೊಡಿ, ಆದರೆ ಹಳೆಯದನ್ನು ವಾಪಸು ಕೇಳಬೇಡಿ. ಮೊಲೆಗಳನ್ನು ಎಣಿಸುತ್ತಾ ಟೆನ್ನೆ ಇಟ್ಟ ಇದ್ದಿಲ ಚುಕ್ಕೆಗಳು ಅದರ ಮೇಲಿವೆ.

ಇತಿ,
ಟೆನ್ನೆಯ ಅಪ್ಪ ವಾಂಡಿ