ಸಾಲಿನಲ್ಲೇ ಖಾಲಿಯಾದ ಬಾದಾಮಿ ಸಿಹಿ

ಅಥೆನ್ಸ್, ಮಾರ್ಚ್ 1, ಭಾನುವಾರ

ಮುದ್ದು ತಂಗಿ ಫೋತಿನಿಗೆ,

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಚಿಕ್ಕಮ್ಮನಿಗೆಂದು ನೀನು ಕಟ್ಟಿಕೊಟ್ಟ ಬಾದಾಮಿ ಸಿಹಿ ಅವರ ಮನೆ ಮುಟ್ಟಲಿಲ್ಲ. ತಪ್ಪೆಲ್ಲ ನಿನ್ನ ಭಾವನದು. ತಿಂಗಳ ಮೊದಲ ಭಾನುವಾರ ಅಕ್ರೋಪೊಲಿಸ್ ಬೆಟ್ಟದ ಹಳೆಯ ಗುಡಿಗಳನ್ನು ನೋಡುವುದು ಪುಕ್ಕಟೆ ಎಂದು ಇವತ್ತನ್ನೇ ಆರಿಸಿದರು. ಬೆಟ್ಟದ ಬುಡದಲ್ಲಿ ಅರ್ಧ ಅಥೆನ್ಸೇ ಸಾಲು ನಿಂತಿತ್ತು. ನನ್ನ ಹೆಸರಿನ ಸಂತಳ ಹಬ್ಬವೂ ಇವತ್ತೇ ಎಂದು ನಾನು ತುಟಿ ಬಿಚ್ಚಿರಲಿಲ್ಲ; ಹೆಸರು ಯಾರದೋ, ಸಿಹಿ ಹಂಚುವ ಪಾಡೂ ಅವರದೇ ತಾನೆ. ಪ್ರತಿ ವರ್ಷ ಮರೆಯುವ ಮಹಾಶಯರಿಗೆ ಅಲ್ಲೇ ನೆನಪಾಗಬೇಕೇ? "ಲೇ, ಇವತ್ತು ನಿನ್ನ ಹೆಸರಿನ ಹಬ್ಬ ಕಣೇ! ನೂರು ಕಾಲ ಬಾಳು!" ಎಂದು ಕೂಗಿದರು. ಸಾಲಿಗೆ ಸಾಲೇ ತಿರುಗಿ ಹರಸಿತು. "ಬರೀ ಹಾರೈಕೆ ತಗೊಂಡು ಸುಮ್ನಿದ್ರೆ ಹೇಗಮ್ಮಾ? ಸಿಹಿ ಎಲ್ಲಿ?" ಎಂದ ಮುಂದೆ ನಿಂತಿದ್ದ ದಢೂತಿ ಆಸಾಮಿ. ಡಬ್ಬಿ ಬಿಚ್ಚದೆ ಗತಿಯಿರಲಿಲ್ಲ. ಹಿಂದಿದ್ದ ಅಜ್ಜಿ ಎರಡು ತೆಗೆದುಕೊಂಡು ನನ್ನ ಕಿವಿಯಲ್ಲಿ ಉಸುರಿದಳು: "ನಂದೂ ನಿನ್ನ ಹೆಸರೇ ಮಗಳೇ. ಯಾರಿಗೂ ಹೇಳ್ಬೇಡ."

ಮಂಡಿ ನೋವು ಕಡಿಮೆಯಿದೆ. ಎರಡು ದಿನ ಮನೆಯಿಂದ ತಂದ ಒಣ ರೊಟ್ಟಿ, ಆಲಿವ್ ಕಾಯಿಯಲ್ಲೇ ಕಳೆದೆವು. ಸಂಜೆ ಚಿಕ್ಕಮ್ಮನ ಮನೆಗೆ ಬರಿಗೈಯಲ್ಲಿ ಊಟಕ್ಕೆ ಹೋಗಬೇಕು. ಅವರು ಫೋನ್ ಮಾಡಿದರೆ, ಡಬ್ಬಿಯನ್ನು ಬರುವಾಗ ಹಡಗಿನಲ್ಲೇ ಮರೆತರಂತೆ ಅಂತ ಹೇಳು.

ಕೆಳಗೆ ನನ್ನ ಹೆಸರು ಹಾಕುತ್ತಿಲ್ಲ. ನಮ್ಮೂರ ಅಂಚೆಯವ ಲೆಫ್ತೇರಿಸ್ ಕಾರ್ಡು ಓದದೆ ಕೊಡುವವನಲ್ಲ. ಹಬ್ಬ ಯಾರದೆಂದು ತಿಳಿದರೆ ಕಂಡಲ್ಲೆಲ್ಲ ಸಿಹಿಗೆ ಕೈ ಚಾಚಿಯಾನು.

ನಿನ್ನ ಅಕ್ಕಂದಿರಲ್ಲೊಬ್ಬಳು