ಕೊಟ್ಟಿಗೆಯ ಖಾಲಿ ಚೌಕ

ಹೆಬ್ಬಗೋಡಿ,
9 ಫೆಬ್ರವರಿ 2025, ಭಾನುವಾರ

ನನ್ನ ಮುದ್ದು ಗೌರಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಬೆನ್ನುನೋವು ಈಗ ಎಷ್ಟಿದೆ? ತೋಳಿಗೆ ಬಲ ಬರುವ ವ್ಯಾಯಾಮ ತಪ್ಪಿಸಬೇಡ. ವೆಲ್ಲೂರಿನ ಆಸ್ಪತ್ರೆಯ ಸಾರು ನಾಲಿಗೆಗೆ ಸೇರದಿದ್ದರೆ ವ್ಯಾನ್ ಓಡಿಸುವ ನಮ್ಮ ಕೃಷ್ಣನ ಕೈಯಲ್ಲಿ ಕಳಿಸಿದ ಹುರುಳಿಕಾಳಿನ ಚಟ್ನಿಪುಡಿ ಕಲಸಿಕೊಂಡು ಉಣ್ಣು. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ಫೋನ್ ಮಾಡಿದರೆ ನಾನು ವಿಷಯಕ್ಕೆ ಬರುವುದರೊಳಗೆ "ಆಮೇಲ್ ಮಾಡ್ತೀನಮ್ಮ" ಅಂತ ಇಟ್ಟುಬಿಡುತ್ತೀಯ. ಡಾಕ್ಟರೇ ಮನೆಗೆ ಕರೆದುಕೊಂಡು ಹೋಗಿ ಅಂದರೂ, ಗಾಲಿಕುರ್ಚಿ ತಿರುಗಿಸುವುದಕ್ಕೂ ಜಾಗವಿಲ್ಲದ ಮನೆಗೆ ಬರುವುದಿಲ್ಲ, ಇಲ್ಲೇ ಹಾಸ್ಟೆಲ್ ಸೇರುತ್ತೇನೆ, ಪಿನ್‌ಬಾಲ್ ಯಂತ್ರಗಳನ್ನು ಯಾರಿಗಾದರೂ ಕೊಟ್ಟುಬಿಡಿ ಅಂದೆಯಲ್ಲ, ಅದಕ್ಕೆ ಉತ್ತರ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಮನೆಯ ಸುದ್ದಿ ಕೇಳು.

ಯಂತ್ರ ಕೊಟ್ಟಿಲ್ಲ. ವೈಟ್‌ಫೀಲ್ಡಿನ ಮಾಲ್‌ನಲ್ಲಿ ನೀನು ಮೆಕ್ಯಾನಿಕ್ ಆಗಿದ್ದ ಆಟದ ಅಂಗಡಿ ಮುಚ್ಚಿದಾಗ, ಗುಜರಿಗೆ ಹೋಗಬೇಕಿದ್ದ ಮೂರನ್ನೂ ಟೆಂಪೋದಲ್ಲಿ ಹೇರಿಸಿಕೊಂಡು ಬಂದು "ಮನೇಲೊಂದು ಆಟದ ರೂಮ್ ಮಾಡೋಣಮ್ಮ" ಅಂದಿದ್ದೆ. ಆಮೇಲೆ ನೀನು ಸ್ಕೂಟರಿನಿಂದ ಬಿದ್ದೆ, ಅವು ಟಾರ್ಪಾಲ್ ಹೊದ್ದುಕೊಂಡು ಜಗಲಿಯಲ್ಲೇ ನಿಂತವು. ದಿನಾ ಕಸ ಗುಡಿಸುವಾಗ ಅವನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಒಂದು ದಿನ ನಿಮ್ಮಪ್ಪನನ್ನು ಎಬ್ಬಿಸಿದೆ. ಹಸು ಕೊಟ್ಟ ಮೇಲೆ ಹಾಳು ಬಿದ್ದಿದ್ದ ನಮ್ಮ ಕೊಟ್ಟಿಗೆ ಈಗ ಆಟದ ರೂಮ್ ಆಗಿದೆ. ಜಿಗಣಿಯ ಕಲ್ಲು ಫ್ಯಾಕ್ಟರಿಯ ಹಳೇ ಸ್ನೇಹಿತರನ್ನು ಕಾಡಿ ನಿಮ್ಮಪ್ಪ ಗ್ರಾನೈಟ್ ತಂದರು. ನಮ್ಮ ಬಾಡಿಗೆ ರೂಮಿನಲ್ಲಿರುವ ಗಾರೆ ಕೆಲಸದ ನೀಲಪ್ಪ, ಅದೇ ಯಾದಗಿರಿ ಕಡೆಯವನು, ನೆಲ ಹಾಕಿದ.

ಇನ್ನು ನಿಮ್ಮಪ್ಪನ ಪ್ರತಾಪ ಕೇಳು. ನಾನು ಎರಡು ದಿನ ಆನೇಕಲ್ಲಿಗೆ ಹೋಗಿ ಬರುವಷ್ಟರಲ್ಲಿ ಮೂರು ಯಂತ್ರಗಳನ್ನೂ ಹಸು ಕಟ್ಟಿದಂತೆ ತಲೆ ಗೋಡೆಗೆ ಮಾಡಿ, ಮೈಗೆ ಮೈ ತಾಗಿಸಿ ನಿಲ್ಲಿಸಿದ್ದರು. ಕೇಳಿದರೆ "ಯಾವಾಗ್ಲೂ ಇಂಗೇ ಅಲ್ವೇನೇ ಕಟ್ತಿದ್ದಿದ್ದು" ಅಂದರು. ಅಷ್ಟೇ ಅಲ್ಲ, ಕೊಟ್ಟಿಗೆ ಅಂದಮೇಲೆ ಗಂಜಲ ಹರಿಯಬೇಡವೇ ಅಂತ ಇಡೀ ನೆಲಕ್ಕೆ ಮೋರಿಯ ಕಡೆ ವಾಟ ಕೊಡಿಸಿದ್ದಾರೆ! ಯಂತ್ರದ ಗಾಜಿನಡಿಯ ಹಲಗೆಯ ಮೇಲೆ ಗುಂಡು ಬಿಟ್ಟರೆ, ಎತ್ತ ಹೊಡೆದರೂ ಎಡಕ್ಕೇ ಇಳಿಯುತ್ತಿತ್ತು. "ಮಿಷಿನ್ನೇ ಕೆಟ್ಟೋಗದೆ" ಅಂತ ಅದರ ಮೇಲೆ ಹೊರಿಸಿದರು. ಕಾಲಿನ ತಿರುಪು ತಿರುಗಿಸಿದರೆ ಮಟ್ಟಕ್ಕೆ ಬರುತ್ತದೆ ಅಂತ ನೀನು ಹೇಳಿದ್ದು ನೆನಪಿತ್ತು, ತಿರುಗಿಸಿದೆ, ಬಂತು. ಆದರೆ ಗಾಲಿಕುರ್ಚಿಗೆ ಅಂಥ ತಿರುಪು ಇಲ್ಲವಲ್ಲ. ಆರೋಗ್ಯ ಕೇಂದ್ರದಿಂದ ಒಂದು ಕುರ್ಚಿ ಕೇಳಿ ತಂದು ನಾನೇ ಕೂತೆ. ಬ್ರೇಕ್ ಎಲ್ಲಿದೆಯೋ ಯಾರಿಗೆ ಗೊತ್ತು, ಅದು ನನ್ನನ್ನು ಹೊತ್ತುಕೊಂಡು ಸೀದಾ ಮೋರಿಗೆ ಹೊರಟಿತು. ನೀಲಪ್ಪ ಓಡಿಬಂದು ಹಿಡಿದು "ಎಲ್ಲಿಗಿ ಹೊಂಟ್ರಿ ಯವ್ವಾ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋದ ಮೇಲೆ ಮಾತ್ರ, ನೀನು ಕೂತಿದ್ದರೆ ಹೀಗೇ ಜಾರುತ್ತಿದ್ದೆಯಲ್ಲ ಅಂತ ಅಳು ಬಂತು. ಮರುದಿನವೇ ಕಲ್ಲು ಕೀಳಿಸಿ, ನೆಲವನ್ನು ಮಟ್ಟಸವಾಗಿ ಹಾಕಿಸಿದೆ. "ವಾಟ ಇಲ್ದೆ ನೆಲ ತೊಳಿಯಾದೆಂಗೆ?" ಅಂತ ನಿಮ್ಮಪ್ಪ ಮುಖ ಊದಿಸಿಕೊಂಡರು. ತೊಳೆಯುವುದಿಲ್ಲ, ಒರೆಸುತ್ತೇನೆ ಅಂದೆ.

ಅಲ್ಲಿಂದಾಚೆಗೆ ಜಾಗದ ಯಜಮಾನಿಕೆ ನನ್ನದು. ಹೊಸ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಯಂತ್ರಗಳಿಗೆ ಚೌಕ ಎಳೆದೆ. ಪಕ್ಕದಲ್ಲಿ ಮೊಣಕೈ ಆಡುವಷ್ಟು ಬಿಟ್ಟೆ, ಹಿಂದೆ ವೈರ್ ಸಿಕ್ಕಿಸಲು ಕೈ ಹೋಗುವಷ್ಟು. ಮುಂದೆ ಮಾತ್ರ ಧಾರಾಳ. ಮೇಲಿನ ಗಾಜನ್ನು ಮುಂದಕ್ಕೇ ಎಳೆದು ತೆಗೆಯಬೇಕು, ಅದರ ಉದ್ದದಷ್ಟು ಜಾಗವಿಲ್ಲದಿದ್ದರೆ ರಿಪೇರಿ ಆಗದು ಅಂತ ನೀನು ಜಗಲಿಯಲ್ಲಿ ಎಳೆದು ತೋರಿಸಿದ್ದೆ. ಅಮ್ಮ ಬರೀ ಕಾಫಿ ಕೊಡುವುದಕ್ಕೆ ಬಂದಿದ್ದಾಳೆ ಅಂದುಕೊಂಡಿದ್ದೆಯಾ? ಎಲ್ಲ ನೋಡಿಕೊಂಡಿದ್ದೆ. ಆಮೇಲೆ ಕುರ್ಚಿಯಲ್ಲಿ ಕೂತು ಚೌಕಗಳ ನಡುವೆ ಓಡಾಡಿದೆ. ಚಕ್ರಕ್ಕೆ ರಂಗೋಲಿ ಅಂಟಿದ ಕಡೆಯೆಲ್ಲ ಗೆರೆ ಅಳಿಸಿ ದೂರ ಎಳೆದೆ. ಕೊನೆಗೆ ಮೂರೇ ಚೌಕ ಹಿಡಿಸಿದವು. ಎರಡರಲ್ಲಿ ಯಂತ್ರಗಳಿವೆ, ಬಾಗಿಲ ಬಳಿಯದು ಖಾಲಿ. ಮೂರನೇ ಯಂತ್ರ ಹಾಲ್‌ನಲ್ಲಿದೆ, ನಿಮ್ಮಪ್ಪ ಮಲಗುವ ದಿವಾನ ಒಳಕೋಣೆ ಸೇರಿದೆ. ಖಾಲಿ ಚೌಕ ಇಟ್ಟುಕೊಂಡು ನನ್ನ ದಿವಾನ ಯಾಕೆ ಎತ್ತಿಸಿದೆ ಅಂತ ಅವರು ದಿನಾ ಕೇಳುತ್ತಾರೆ. ನಾನು ಬಾಯಿ ಬಿಟ್ಟಿಲ್ಲ. ಕೇಳುತ್ತಲೇ ಕೊಟ್ಟಿಗೆಯ ಹೊಸ್ತಿಲು ಕಿತ್ತು ಇಳಿಜಾರು ಮಾಡಿದವರೂ, ಬಚ್ಚಲ ಬಾಗಿಲು ಅಗಲ ಮಾಡಿಸಿದವರೂ ಅವರೇ.

ನಿನ್ನ ಜೊತೆ ಮಾಲ್‌ನಲ್ಲಿದ್ದ ಸೌಮ್ಯ ಹೋದ ವಾರ ಬಂದಿದ್ದಳು. ರೂಮ್ ನೋಡಿ "ಗೌರಿ ಇದ್ದಾಗ ಒಂದ್ ಮಿಷಿನ್ನೂ ಆಫ್ ಆಗಿ ಬಿದ್ದಿರ್ತಿರ್ಲಿಲ್ಲ ಆಂಟಿ" ಅಂದಳು. ನನಗೆ ಎದೆ ಉಬ್ಬಿಹೋಯಿತು. ಬೀದಿಯವರೆಲ್ಲ ಬಂದು ಆಡಿ ಹೋಗುತ್ತಾರೆ. ಇದರ ಹೊಟ್ಟೆ ಬಿಚ್ಚಿ ಮತ್ತೆ ಕೂಡಿಸುವವಳು ನನ್ನ ಮಗಳು ಅಂತ ಒಬ್ಬೊಬ್ಬರಿಗೂ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಹಾಲ್‌ನಲ್ಲಿರುವ ಯಂತ್ರದಲ್ಲಿ ಗುಂಡು ಹೊಡೆಯುವ ಎಡಗಡೆ ರೆಕ್ಕೆ ಏಳುತ್ತಿಲ್ಲ, ಗುಂಡು ಸುಮ್ಮನೆ ಜಾರಿ ಹೋಗುತ್ತದೆ. ಯಾರನ್ನಾದರೂ ಕರೆಸೋಣ ಅಂದರು ನಿಮ್ಮಪ್ಪ. ಬೇರೆಯವರು ಮುಟ್ಟಕೂಡದು ಅಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮಾತ್ರೆ ಮರೆಯಬೇಡ. ಮುನೇಶ್ವರ ನಿನ್ನ ಎರಡು ಕೈಗಳನ್ನೂ ಹೀಗೇ ಚುರುಕಾಗಿ ಇಟ್ಟಿರಲಿ. ಅಲ್ಲಿನ ನರ್ಸಮ್ಮನವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಮ್ಮ,
ಈಶ್ವರಮ್ಮ

ಮರೆತಿದ್ದೆ. ಸುಳ್ಳು, ಬೇಕೆಂದೇ ಕೊನೆಗಿಟ್ಟೆ. ಸೌಮ್ಯ ಈಗಿರುವ ಆಟದ ಅಂಗಡಿಯಲ್ಲಿ ಒಂದು ಪಿನ್‌ಬಾಲ್ ಕೆಟ್ಟು ಕೂತಿದೆಯಂತೆ, ಬಿಚ್ಚುವವರೇ ಸಿಕ್ಕಿಲ್ಲ. ಖಾಲಿ ಚೌಕ ಅದಕ್ಕೆ. ನೀನೇ ರಿಪೇರಿ ಮಾಡುತ್ತೀಯ ಅಂತ ನಿನ್ನನ್ನು ಕೇಳದೆ ಒಪ್ಪಿಕೊಂಡಿದ್ದೇನೆ, ಬೈಯುವುದಿದ್ದರೆ ಮನೆಗೆ ಬಂದು ಬೈ. ಶಿವರಾತ್ರಿಗೆ ಮುಂಚಿನ ಶುಕ್ರವಾರ ಯಂತ್ರ ಬರುತ್ತದೆ, ಅದಕ್ಕೇ ನಾನೂ ಕೃಷ್ಣನೂ ಅದರ ಹಿಂದಿನ ದಿನ ಅವನ ವ್ಯಾನ್‌ನಲ್ಲಿ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತೇವೆ. ಹಾಸ್ಟೆಲ್‌ನವರಿಗೆ ಬೇಡ ಅಂತ ಹೇಳಿ, ಬಟ್ಟೆ ಮಡಚಿಟ್ಟಿರು. ಕುರ್ಚಿ ಪೂರ್ತಿ ಒಂದು ಸುತ್ತು ತಿರುಗುತ್ತದೆ ಗೌರಿ, ನಾನೇ ಕೂತು ತಿರುಗಿದ್ದೇನೆ.