ಅವ್ವನ ದನಿಯ ಕಾರ್ಡು

ನಿಖಿಲ,

ನಾನು ಚಿಕ್ಕೋಡಿಗೆ ಹೊರಟೆ. ಅಪ್ಪನ ಚಾದರ ಗಾಡಿಯ ಸ್ಪೀಕರಿನ ಮೆಮೊರಿ ಕಾರ್ಡು ಕೆಟ್ಟಿದೆ. ಹೊಸ ಕಾರ್ಡು ಲ್ಯಾಪ್‌ಟಾಪಿನಲ್ಲಿ ಹಾಕಿಟ್ಟಿದ್ದೇನೆ. ಹಳೆಯದರ ನಕಲನ್ನು ಹೋದ ತಿಂಗಳೇ ತೆಗೆದಿಟ್ಟಿದ್ದೆ. ಅದನ್ನು ಹೊಸದಕ್ಕೆ ಇಳಿಸಲು ಟರ್ಮಿನಲ್‌ನಲ್ಲಿ ಹೀಗೆ ಬರೆ:

sudo dd if=avva.img of=/dev/sdb

if ಅಂದರೆ ಎಲ್ಲಿಂದ, of ಅಂದರೆ ಎಲ್ಲಿಗೆ. ಅದಲುಬದಲು ಮಾಡಿದರೆ ಖಾಲಿ ಕಾರ್ಡು ಬಂದು ನಕಲಿನ ಮೇಲೆ ಕೂರುತ್ತದೆ. ಮುಗಿಯುವವರೆಗೆ ಅದು ಒಂದು ಮಾತೂ ಆಡುವುದಿಲ್ಲ. ನಮ್ಮ ಮನೆಯವರಿಗೆ ಇದೇನು ಹೊಸದಲ್ಲ.

ಆದರೆ ಈಗಲೇ ಮಾಡಬೇಡ.

ಕೊಗನೊಳ್ಳಿಯ ಮದುವೆಗೆ ಅಪ್ಪ ಅವ್ವನನ್ನು ಬಿಟ್ಟು ಹೋದಂದಿನಿಂದ ಇಬ್ಬರಿಗೂ ಮಾತಿಲ್ಲ. ಆದರೂ ಬೋರಗಾಂವದ ಓಣಿ ಓಣಿಯಲ್ಲಿ ಆ ಕಾರ್ಡಿನೊಳಗಿನ ಅವ್ವನ ದನಿಯೇ ಅವರ ಚಾದರ ಮಾರುತ್ತಿತ್ತು: "ಬರ್ರಿ ಅಕ್ಕಾರ, ಚಾದರ ಬಂದಾವ." ನಿನ್ನೆ ಅಪ್ಪ ತಾವೇ ಕೂಗಿದರಂತೆ. ಯಾರದೋ ಜಗಳ ಅಂದುಕೊಂಡು ಜನ ನೋಡಲು ಹೊರಗೆ ಬಂದರಂತೆ. ಚಾದರ ಯಾರೂ ಕೊಳ್ಳಲಿಲ್ಲ.

ಬೆಳಿಗ್ಗೆ ನನ್ನ ಹತ್ತಿರ ಬಂದು, "ನಿಮ್ಮವ್ವಗ ಹೇಳು, ಇನ್ನೊಮ್ಮಿ ಒದರಿ ಕೊಡಂತ" ಅಂದರು.

"ನೀವ ಕೇಳ್ರಿ" ಅಂದೆ.

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಸ್ವಲ್ಪ ಹೊತ್ತು ಬಿಟ್ಟು ರೊಟ್ಟಿಗೆ ಮೊದಲಿಗಿಂತ ಜೋರಾಗಿ ಏಟು ಬಿದ್ದವು.

ನಕಲು ಇರುವುದು ಅಪ್ಪನಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಅವರು ಅಡುಗೆಮನೆಗೆ ಹೋಗಿ, ಬಾಯಿಬಿಟ್ಟು ಕೇಳಿ, ಅವ್ವ ಒಲ್ಲೆ ಅಂದರೆ ಮಾತ್ರ ಮೇಲಿನ ಸಾಲು ಓಡಿಸು. ಅವ್ವನನ್ನು ಕೇಳದೇ ಇದ್ದರೆ, ಅಪ್ಪನ ಪಾಲಿಗೆ ನಾಳೆಯೂ ನಮ್ಮ ಲ್ಯಾಪ್‌ಟಾಪ್ ಕೆಟ್ಟಿರುತ್ತದೆ.

ಅಕ್ಕ